ಅಕ್ಕ ಹಂಗಿಸಿದ್ದು

ಯಾರಾದರೂ ಬೈದರೆ ಅರ್ಧ ದಿನ ಉರಿಯುತ್ತದೆ. ಹೀಗಳೆದರೆ ಅವರ ಬಾಯಿಯ ಕೊಳಕು ಅಂತ ಬಿಟ್ಟುಬಿಡಬಹುದು. ಹಂಗಿಸುವುದು ಹಾಗಲ್ಲ. ಮೊದಲು ಉಪಕಾರ ಮಾಡಿರಬೇಕು, ಆಮೇಲೆ ಅದನ್ನೇ ನಾಲ್ಕು ಜನರ ಮುಂದೆ ಎತ್ತಿ ಆಡಬೇಕು. ಹೊರಗಿನವರಿಂದ ಅದು ಆಗುವುದಿಲ್ಲ. ನಾನು ಎರಡನೇ ಕ್ಲಾಸಿನವರೆಗೆ ಓದಿದವಳು. ಈ ಮಾತಿನ ಅರ್ಥ ಅಕ್ಕನಿಂದ ಕಲಿತೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿದ್ದ ಮನೆಗಳಿಗೆ ನಮ್ಮಿಬ್ಬರನ್ನೂ ಕೊಟ್ಟಿದ್ದರು. ಮಗಳಿಗೆ ನಾಲ್ಕು ತಿಂಗಳಾದಾಗ ನನಗೆ ಜ್ವರ ಬಂದು ಎದೆಹಾಲು ಬತ್ತಿತು. ಅತ್ತೆಗೆ ಹೇಳಲು ಹೆದರಿಕೆ. ಮೊದಲೇ ಒಣಕಲು ಸೊಸೆ ಅನ್ನುತ್ತಿದ್ದರು. ಅಕ್ಕನ ಮಗನೂ ಆಗ ಹಾಲು ಕುಡಿಯುವ ಕೂಸು. "ಹೆಪ್ಪಿಗೆ ಮೊಸರು ತರ್ತೀನಿ" ಎಂದು ಅತ್ತೆಗೆ ಹೇಳಿ, ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ದಿನಕ್ಕೆರಡು ಸಲ ಅಕ್ಕನ ಮನೆಗೆ ಹೋಗುತ್ತಿದ್ದೆ. ಅವಳು ಇಬ್ಬರಿಗೂ ಕುಡಿಸುತ್ತಿದ್ದಳು.

"ಯಾರಿಗೂ ಹೇಳ್ಬೇಡ ಕಣಕ್ಕ."

"ನನ್ನ ಬಾಯಿಂದ ಬಂದ್ರೆ ಕೇಳು" ಎಂದು ಒಲೆ ಮುಟ್ಟಿ ಆಣೆ ಇಟ್ಟಳು.

ನಾಲ್ಕು ವರ್ಷವಾಯಿತು. ಗದ್ದೆಯಲ್ಲಿ ಕಳೆ ಕೀಳುವ ದಿನ ಬದುವಿನ ಮೇಲೆ ಮಕ್ಕಳಿಬ್ಬರೂ ಸೀಬೆಹಣ್ಣಿಗೆ ಕಿತ್ತಾಡಿದರು. ನನ್ನ ಮಗಳು ಅವನ ಕೈ ಕಚ್ಚಿದಳು. ಅಕ್ಕ ನೆಟ್ಟಗೆ ನಿಂತಳು.

"ಯಾರ ಹಾಲು ಕುಡ್ದು ಜೀವ ಉಳಿಸ್ಕೊಂಡಿದ್ದು ಅಂತ ನಿಮ್ಮವ್ವನ್ನ ಕೇಳೇ. ಅವಳ ಎದೇಲಿ ಒಂದು ತೊಟ್ಟಿರಲಿಲ್ಲ. ನನ್ನ ಮಗಂಗೇ ಹಲ್ಲು ಹಾಕ್ತೀಯಾ?"

ಎಲ್ಲ ಹೆಂಗಸರ ಕೈಯೂ ನಿಂತಿತು. ಒಬ್ಬಳು ನಕ್ಕಳು. ಅತ್ತೆ ನನ್ನ ಪಕ್ಕದಲ್ಲೇ ಇದ್ದರು. ನಾನು ಬಗ್ಗಿಯೇ ಇದ್ದೆ. ಎದ್ದರೆ ಮುಖ ತೋರಿಸಬೇಕಲ್ಲ.

ಮನೆಗೆ ಬಂದು ಕಾಲು ತೊಳೆಯುತ್ತ ಅತ್ತೆ ಹೇಳಿದರು: "ಮನೇಲಿ ಮೂರು ಎಮ್ಮೆ ಕರೀತಿದ್ವು. ನೀನು ಹೆಪ್ಪಿಗೆ ಊರೆಲ್ಲ ಅಲೀತಿದ್ದೆ. ನಂಗೇನು ಬುದ್ಧಿ ಇರ್ಲಿಲ್ವಾ?"

"ಮತ್ತೆ ಯಾಕೆ ಕೇಳ್ಲಿಲ್ಲ ಅತ್ತೆ?"

"ಕೇಳಿದ್ರೆ ಹೋಗೋದು ಬಿಡ್ತಿದ್ದೆ. ಎಮ್ಮೆ ಹಾಲು ಅರಗದ ಕೂಸು ಏನು ಕುಡೀಬೇಕಿತ್ತು?"

ಅತ್ತೆ ಅವತ್ತಿಂದ ಒಳ್ಳೆಯವರಾದರು ಅಂತಲ್ಲ. ಮಾರನೇ ದಿನವೇ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬೈದರು. ಹಾಲಿನ ಮಾತು ಮಾತ್ರ ಸಾಯುವವರೆಗೂ ಎತ್ತಲಿಲ್ಲ.

ದೀಪಾವಳಿಗೆ ಅಕ್ಕ ಕಜ್ಜಾಯ ಕಳಿಸಿದಳು. ಬುಟ್ಟಿ ಬಿಚ್ಚದೆ ವಾಪಸು ಕಳಿಸಿದೆ. "ಇನ್ನೂ ಸಿಟ್ಟಾ ಅವಳಿಗೆ?" ಎಂದು ಕೇಳಿದಳಂತೆ. ಸಿಟ್ಟಲ್ಲ. ತಿಂದರೆ ಅದನ್ನೂ ಒಂದು ದಿನ ಎತ್ತಿ ಆಡುತ್ತಾಳೆ.