ಒತ್ತು ಎಲ್ಲಿ ಬೀಳುತ್ತದೆ: ಶ್ರೀ ನರಸಿಂಹಪ್ಪನವರ ಇಟಾಲಿಯನ್ ಕ್ರಿಯಾಪದಗಳು

ನಮ್ಮ ಸೀಮೆಯ ಕನ್ನಡ ಅಧ್ಯಾಪಕರಲ್ಲಿ ಛಂದಸ್ಸನ್ನು ಬೋಧಿಸಿದವರು ಅನೇಕರಿದ್ದಾರೆ. ಆದರೆ ಅದೇ ಪ್ರಸ್ತಾರದ ಶಿಸ್ತಿನಿಂದ ಇಟಾಲಿಯನ್ ಕ್ರಿಯಾಪದಗಳನ್ನು ಉಚ್ಚಾರಾಂಶಗಳಾಗಿ ಬಿಡಿಸಿ, ಒತ್ತು ಎಲ್ಲಿ ಬೀಳುತ್ತದೆಂದು ಗುರುತಿಸಿದವರು, ಈ 2009ರಲ್ಲಿ ನಿವೃತ್ತರಾಗುತ್ತಿರುವ ಶಿಡ್ಲಘಟ್ಟದ ಶ್ರೀ ನರಸಿಂಹಪ್ಪನವರೊಬ್ಬರೇ.

ರೇಷ್ಮೆ ನೂಲು ತೆಗೆಯುವ ಯಂತ್ರ ಜೋಡಿಸಲು ಬಂದಿದ್ದ ಇಟಲಿಯ ಮೆಕ್ಯಾನಿಕ್ಕನಿಗೆ ಏಳು ತಿಂಗಳು ಮುರುಕು ಇಂಗ್ಲಿಷಿನಲ್ಲೇ ದುಭಾಷಿಯಾಗಿದ್ದು ಕಲಿತ ಭಾಷೆ ಅದು. 'ಪರ್-ಲೊ' ಎಂಬಲ್ಲಿ ಒತ್ತು ಮೊದಲ ಅಕ್ಷರಕ್ಕೆ ಬಿದ್ದರೆ 'ಮಾತಾಡುತ್ತೇನೆ', ಕೊನೆಯದಕ್ಕೆ ಬಿದ್ದರೆ 'ಅವನು ಮಾತಾಡಿದ'. ಸಾವಿರಕ್ಕೂ ಮಿಕ್ಕ ಕ್ರಿಯಾಪದಗಳ ಇಂಥ ರೂಪಗಳನ್ನು ಹನ್ನೊಂದು ವರ್ಷ ಕುಳಿತು ಬರೆದರು. ಒತ್ತು ಬೀಳುವ ಅಕ್ಷರದ ಮೇಲೊಂದು ಸಣ್ಣ ಓರೆಗೆರೆ. 2004ರಲ್ಲಿ, ಬೆಂಗಳೂರಿನಲ್ಲಿ ಭಾಷಾ ತರಬೇತಿ ಕೇಂದ್ರ ನಡೆಸುತ್ತಿದ್ದ ಹಳೆಯ ಶಿಷ್ಯ ಚಲಪತಿ ಅಚ್ಚು ಹಾಕಿಸುವುದಾಗಿ ಹಸ್ತಪ್ರತಿ ಒಯ್ದರು. ಆಮೇಲೆ ಸುದ್ದಿಯಿಲ್ಲ.

ಎರಡು ವರ್ಷದ ಬಳಿಕ, ಇಟಲಿಯ ಆಸ್ಪತ್ರೆಯೊಂದರ ಮೌಖಿಕ ಪರೀಕ್ಷೆಯಲ್ಲಿ ನಪಾಸಾದ ತೊಂಡೇಬಾವಿಯ ನರ್ಸ್ ಆಶಾರಾಣಿ, ಶಿಡ್ಲಘಟ್ಟದಲ್ಲಿ ಇಟಾಲಿಯನ್ ಬಲ್ಲ ಮೇಷ್ಟ್ರೊಬ್ಬರಿದ್ದಾರೆಂದು ಕೇಳಿ, ನರಸಿಂಹಪ್ಪನವರ ಮನೆ ಹುಡುಕಿಕೊಂಡು ಬಂದಳು.

"ಈ ಬುಕ್ಕಲ್ಲಿರೋ ಹಂಗೇ ಓದ್ದೆ ಸಾರ್. ನಾನು ಮಾತಾಡ್ತೀನಿ ಅನ್ನಕ್ಕೆ ಹೋಗಿ ಅವನು ಮಾತಾಡ್ದ ಅಂದ್ಬಿಟ್ಟೆ. ನಕ್ಬಿಟ್ರು."

ಪುಸ್ತಕ ತೆರೆದರೆ ಪ್ರತಿ ಸಾಲೂ ತಮ್ಮದೇ. ರಕ್ಷಾಪುಟದಲ್ಲಿ ಚಲಪತಿಯ ಹೆಸರು. ಒಳಗೆ ಒಂದೇ ಒಂದು ಓರೆಗೆರೆಯೂ ಇಲ್ಲ. ಅವರು ಆಕೆಯನ್ನು ಭಾನುವಾರಗಳಲ್ಲಿ ಕೂರಿಸಿಕೊಂಡು, ಕೆಂಪು ಶಾಯಿಯಲ್ಲಿ ಗೆರೆ ಹಾಕುತ್ತಾ ಬಾಯಿಪಾಠ ಮಾಡಿಸಿದರು.

ಬೆಂಗಳೂರಿಗೂ ಒಮ್ಮೆ ಹೋಗಿಬಂದರು. ಚಲಪತಿ ಕಾಫಿ ತರಿಸಿ ಹೇಳಿದರಂತೆ:

"ಶಿಡ್ಲಘಟ್ಟದ ಕನ್ನಡ ಮೇಷ್ಟ್ರು ಇಟಾಲಿಯನ್ ಹೇಳ್ಕೊಡ್ತಾರೆ ಅಂದ್ರೆ ಯಾರು ಕೊಳ್ತಾರೆ ಸಾರ್?"

"ಹೆಸರು ಹೋಗ್ಲಪ್ಪ. ಗೆರೆ ಯಾಕೆ ತೆಗೆದೆ?"

"ಡಿಟಿಪಿಯೋರು ಕೊಳೆ ಅಂದ್ಕೊಂಡ್ರು."

ಕಾಫಿ ಮುಟ್ಟದೆ ಎದ್ದು ಬಂದರು. ಆಶಾರಾಣಿ ಮರುವರ್ಷ ತೇರ್ಗಡೆಯಾದಳು. ಚಲಪತಿಯ ಕೇಂದ್ರದ ಜಾಹೀರಾತಿನಲ್ಲಿ ಆಕೆಯ ಫೋಟೋ ಬಂತು, 'ನಮ್ಮ ಪುಸ್ತಕದ ಫಲ' ಎಂದು. ನರಸಿಂಹಪ್ಪನವರು ಆ ಪೇಪರನ್ನು ಮಡಿಸಿಟ್ಟರು. ಪತ್ನಿ ಶ್ಯಾಮಲಮ್ಮನವರು ಅದನ್ನು ನೀರೊಲೆಗೆ ಹಾಕಿದರು.

ಇದಾವುದನ್ನೂ ಅರಿಯದ ನಮ್ಮ ಸಮಿತಿ ಅವರ ಈ ಅಭಿನಂದನ ಗ್ರಂಥಕ್ಕೆ ಮುನ್ನುಡಿ ಬೇಡಿ ಚಲಪತಿಯವರಲ್ಲಿಗೇ ಹೋಗಿತ್ತು. ವಿಷಯ ತಿಳಿದಾಗ ನರಸಿಂಹಪ್ಪನವರು ಕನ್ನಡಕ ಒರೆಸಿಕೊಂಡರು.

"ಬರೀಲಿ ಬಿಡ್ರಪ್ಪ. ನಂದನ್ನೇ ಬರ್ಕೊಂಡೋನು, ನನ್ನ ಬಗ್ಗೆ ಬರೀಕಾಗಲ್ವಾ?"

ನಡೆದದ್ದೆಲ್ಲ ತಿಳಿದ ಮೇಲೆ ಅದು ನಮಗೇ ಬೇಡವೆನಿಸಿತು; ಮುನ್ನುಡಿಯಿಲ್ಲದೆಯೇ ಈ ಗ್ರಂಥ ಹೊರಬರುತ್ತಿದೆ. ಅವರು ನೆನಪಿನಿಂದ ಮತ್ತೆ ಬರೆಯುತ್ತಿರುವ ಹಸ್ತಪ್ರತಿ ಈಗ ಮುನ್ನೂರನೆಯ ಕ್ರಿಯಾಪದಕ್ಕೆ ಬಂದಿದೆ. ಉಳಿದವನ್ನು ಮುಗಿಸುವಷ್ಟು ಆಯುಸ್ಸನ್ನೂ ಕಣ್ಣಿನ ಬೆಳಕನ್ನೂ ದೈವವು ಅವರಿಗೆ ಕರುಣಿಸಲಿ. ಈ ಸಲ ಅದನ್ನು ಯಾರ ಕೈಗೂ ಕೊಡದಿರುವ ಕಾಠಿಣ್ಯವನ್ನೂ.