ಅಂಗೈಯಾಗ ಹಿಡಿದ ಲಿಂಗ

ಕೇಳಾಕತ್ತಿಯೇನವ್ವಾ ಸ್ನೇಹಲ್? ನನ್ನ ತಮ್ಮ ಅಮೃತಪ್ಪ, ನವಿ ಮುಂಬೈದ ತುರ್ಭೆ ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ಚೀಲ ಹೊತ್ತಾಂವ. ಅವನ ಅಂಗಿ ತೊಳದ್ರ ನನ್ನ ಕಣ್ಣು ಉರೀತಿದ್ದು! ಕೆಮ್ಮು ಬಿಡಲಿಲ್ಲಂತ ನೆರೂಳದ ದವಾಖಾನ್ಯಾಗ ಎದಿ ಸ್ಕ್ಯಾನ್ ಮಾಡಿಸಿದ್ವಿ. ಕೊರಳಾನ ಲಿಂಗದ ಬೆಳ್ಳಿ ಕರಡಿಗಿ ಅಂಗಿಯೊಳಗ ಮುಚ್ಚಿಟ್ಕೊಂಡು ಮಲಗಿದ. ಆ ಬೆಳ್ಳಿ ಅಡ್ಡಾಗಿ ಫೋಟೋದಾಗ ಬರೇ ಬೆಳ್ಳನ ಗೆರಿ ಬಂದು, ಗಂಟು ಐತೋ ಇಲ್ಲೋ ಡಾಕ್ಟರಿಗೆ ತಿಳೀಲಿಲ್ಲ.

"ಅದನ್ನ ಹೊರಗಿಡ್ರಿ ಕಾಕಾ, ಕೈ ತೆಲಿ ಮ್ಯಾಲೆತ್ತಿ ಮಲಗ್ರಿ," ಅಂದ್ಳು ಸ್ಕ್ಯಾನಿನ ಹುಡುಗಿ.

"ಮೈಯಿಂದ ಬಿಡಂಗಿಲ್ಲವ್ವಾ. ಎತ್ತಿದ ಅಂಗೈಯಾಗ ಹಿಡೀತೀನಿ, ಪೂಜಿಗೆ ಹಿಡದಂಗ."

ಫೋಟೋ ಸ್ವಚ್ಛ ಬಂತು. ನಿಂಬಿಹಣ್ಣಿನಷ್ಟು ಗಂಟೂ ಕಾಣ್ತು.

ಗಂಟಿಗೆ ಅಳಲಿಲ್ಲ ನೋಡು, ದಾರ ಬಿಚ್ಚಿ ಕೊರಳು ಬರಿದಾತಂತ ಅತ್ತ. ಔಷಧ ಕೊಟ್ಟು ಮುಂದಿನ ತಿಂಗಳ ಮತ್ತ ಸ್ಕ್ಯಾನ್ ಮಾಡ್ತಾರಂತ. ನೀ ಕಲ್ಯಾಣದ ಪ್ಯಾಟಿಗೆ ಹೋದಾಗ ಲಿಂಗ ಕಟ್ಟಾಕ ಉದ್ದನ್ನ ಶಿವದಾರ ತಾರವ್ವಾ. ಕೊರಳಾಗಿಂದ ಎತ್ತಿದ ಕೈತನಕ ಮುಟ್ಟಬೇಕು.