ಬಾತ್‌ಟಬ್ಬಿನ ಗಣಪ

ಗಣೇಶನ ಹಬ್ಬದ ಮಾರನೇ ದಿನ ಇಂದಿರಾನಗರದ ಒಂದು ಫ್ಲ್ಯಾಟಿಗೆ ಪ್ಲಂಬಿಂಗ್ ಕೆಲಸಕ್ಕೆ ಹೋಗಿದ್ದೆ. ಬಾತ್‌ಟಬ್ಬಿನಲ್ಲಿ ಕೆಸರುನೀರು ಕಟ್ಟಿಕೊಂಡು ನಿಂತಿತ್ತು. ಮನೆಯವರು ಜರ್ಮನಿಯವರು. ಮೊದಲ ಸಲ ಹಬ್ಬ ಮಾಡಿ, ಮಣ್ಣಿನ ಗಣಪನನ್ನು ಟಬ್ಬಿನಲ್ಲೇ ಮುಳುಗಿಸಿ, ಆಮೇಲೆ ಬಿರಡೆ ಎಳೆದುಬಿಟ್ಟಿದ್ದರು.

ನಾನು ಪೈಪಿಗೆ ಕಂಬಿ ಹಾಕಲು ಹೋದರೆ ಅವರ ಆರು ವರ್ಷದ ಮಗಳು ಅಡ್ಡ ನಿಂತಳು. ಅಕ್ಕಪಕ್ಕದ ಮಕ್ಕಳ ಜೊತೆ ಆಡಿ ಕನ್ನಡ ಕಲಿತಿದ್ದಳು.

"ಚುಚ್ಬೇಡಿ ಅಂಕಲ್! ಗಣೇಶ ಒಳಗೆ ಸಿಕ್ಕಾಕ್ಕೊಂಡಿದಾನೆ. ಅವರಮ್ಮ ಕಾಯ್ತಿರ್ತಾರೆ!"

ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಅವತ್ತು ಮಾತ್ರ ಕೈ ಮುಂದೆ ಹೋಗಲಿಲ್ಲ. ಇದಕ್ಕೆ ಮಂತ್ರ ಏನಾದರೂ ಇದೆಯಾ ಅಂತ ಅವಳಪ್ಪ ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದರು.

ಕೊನೆಗೆ ಕಂಬಿ ಪಕ್ಕಕ್ಕಿಟ್ಟು, ಕೈಮುಗಿದು, ನೀರು ಮೊಗೆದು, ಟಬ್ಬಿನ ಕೆಳಗಿನ ಪೈಪು ಬಿಚ್ಚಿ ಬಕೆಟ್ ಹಿಡಿದೆ. ಗಣಪ ಮಣ್ಣಿನ ಮುದ್ದೆಯಾಗಿ ದೊಪ್ಪನೆ ಬಿದ್ದ. ಹುಡುಗಿ ಕುಣಿದಾಡಿದಳು. ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವರ ಕಾರಿನಲ್ಲೇ ಹಲಸೂರು ಕಲ್ಯಾಣಿಗೆ ಹೊರಟೆ. ದಾರಿಯುದ್ದಕ್ಕೂ ಅಪ್ಪ, ಅಮ್ಮ, ಮಗಳು ಮೂವರೂ ಜೈಕಾರ ಕೂಗಿದರು.

ಅಷ್ಟರಲ್ಲಿ ಆಫೀಸಿನಿಂದ ಫೋನು. "ಕೆಲಸ ಮುಗೀತೇನಪ್ಪಾ?"

"ಪೈಪ್ ಕ್ಲಿಯರ್ ಆಯ್ತು ಸಾರ್. ವಿಸರ್ಜನೆ ಮುಗಿಸ್ಕೊಂಡು ಬರ್ತೀನಿ."

ಕೆಲಸದ ಹಾಳೆಯಲ್ಲಿ ವಿಸರ್ಜನೆಗೆ ಬೇರೆ ಕಾಲಂ ಇರಲಿಲ್ಲ. ‘ಇತರೆ ರಿಪೇರಿ’ ಅಂತ ಗುರುತು ಹಾಕಿದೆ.